ಗಾಲಿಯ ಮುಂದಿನ ಕಲ್ಲು

ಆಯುಧಪೂಜೆ, ಬೆಳಿಗ್ಗೆ ಏಳೂವರೆ, ಚಂದ್ರಾ ಲೇಔಟಿನ ನಮ್ಮ ಮನೆಯ ಮುಂದಿನ ರಸ್ತೆ. ಅಲ್ಲಿದ್ದವರು ನಾನು, ಯಜಮಾನರು ಮತ್ತು ಹಬ್ಬಕ್ಕೆಂದು ಕೆಂಗೇರಿಯಿಂದ ಹಿಂದಿನ ದಿನವೇ ಬಂದಿದ್ದ ನಾದಿನಿ. ಜೊತೆಗೆ ನಮ್ಮ ಹಳೆಯ ಜೀಪು.

ಆ ಜೀಪನ್ನು ಇಟ್ಟುಕೊಳ್ಳುವುದೋ ಕೊಟ್ಟುಬಿಡುವುದೋ ಎಂಬ ಮಾತು ವರ್ಷವಿಡೀ ನಡೆದಿತ್ತು. ನೋಡಿದವರೆಲ್ಲ ಅದು ಯಜಮಾನರ ಹುಚ್ಚು ಅಂದುಕೊಳ್ಳುತ್ತಿದ್ದರು. ನಿಜವಾಗಿ ಅದು ನನ್ನ ಹುಚ್ಚು. ಆಸ್ಪತ್ರೆಯಲ್ಲಿ ನರ್ಸಾಗಿ ವಾರ್ಡಿನ ಹೊಣೆ ಹೊತ್ತು ನಿವೃತ್ತಳಾದ ಮೇಲೆ ಓಡಿಸಲು ಕಲಿತೆ. ಭಾನುವಾರ ಮಾಗಡಿ ಕಡೆಯ ಮಣ್ಣುದಾರಿಗೆ ಹೋಗುತ್ತಿದ್ದೆವು. ಕಾರುಗಳು ತಳ ಉಜ್ಜಿಸಿಕೊಂಡು ಹಿಂದಿರುಗುವ ಕಡೆ ನಮ್ಮ ಜೀಪು ಗೊಣಗುತ್ತ ಹತ್ತುತ್ತಿತ್ತು. ಮೇಲೆ ಬಂಡೆಯ ಮೇಲೆ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುವುದು, ಇಳಿದು ಬರುವುದು, ಅಷ್ಟೇ.

ಆದರೆ ಒಂದು ರಿಪೇರಿ ಮುಗಿಯುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು. ಕ್ಲಚ್ ಆದರೆ ರೇಡಿಯೇಟರ್, ಅದಾದರೆ ಸ್ಪ್ರಿಂಗಿನ ಪಟ್ಟಿ.

“ಗ್ಯಾರೇಜಿಗೆ ಸುರಿದಿರೋ ದುಡ್ಡಲ್ಲಿ ದಿನಾ ಆಟೋದಲ್ಲೇ ಮೈಸೂರಿಗೆ ಹೋಗಿ ಬರ್ಬೋದಿತ್ತು ಕಣೇ,” ಎನ್ನುತ್ತಿದ್ದರು ಯಜಮಾನರು.

“ಆಟೋ ಬಂಡೆ ಹತ್ತುತ್ತೇನ್ರೀ?”

ಅಲ್ಲಿಗೆ ಆ ಮಾತು ನಿಲ್ಲುತ್ತಿತ್ತು.

ಇತ್ತೀಚೆಗೆ ಬ್ರೇಕ್ ಮೆತ್ತಗಾಗಿತ್ತು. ಒಂದು ಸಲ ತುಳಿದರೆ ಪೆಡಲ್ ತಳ ಮುಟ್ಟುತ್ತಿತ್ತು, ಎರಡನೆಯ ಸಲಕ್ಕೆ ಹಿಡಿಯುತ್ತಿತ್ತು. ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ನಮ್ಮ ರಸ್ತೆಯೋ ಇಳಿಜಾರು. ಆದ್ದರಿಂದ ಇಳಿಜಾರಿನತ್ತ ಮುಖ ಮಾಡಿದ ಜೀಪನ್ನು ರಿವರ್ಸ್ ಗೇರಿನಲ್ಲಿ ನಿಲ್ಲಿಸಿ, ಮುಂದಿನ ಎರಡು ಗಾಲಿಗೂ ಒಂದೊಂದು ಸೈಜುಗಲ್ಲು ಕೊಡುತ್ತಿದ್ದೆವು. ಹೊರಡುವಾಗ ನಾನು ಎಂಜಿನ್ ಚಾಲೂ ಮಾಡಿ, ಬ್ರೇಕನ್ನು ಎರಡು ಸಲ ತುಳಿದು, “ಹೂಂ” ಎಂದ ಮೇಲೆ ಯಜಮಾನರು ಪಕ್ಕದಿಂದ ಕಲ್ಲು ತೆಗೆಯುತ್ತಿದ್ದರು. ಈ ಕ್ರಮ ಒಂದು ದಿನವೂ ತಪ್ಪಿರಲಿಲ್ಲ. ಕ್ರಮ ತಪ್ಪದಿದ್ದರೆ ಅಪಾಯವಿಲ್ಲ ಎಂದು ನಾನು ನಂಬಿದ್ದೆ.

ಹಬ್ಬದ ಬೆಳಿಗ್ಗೆ ನಾದಿನಿ ನಮಗಿಂತ ಮೊದಲೇ ಎದ್ದು ರಸ್ತೆ ತೊಳೆದು ಜೀಪಿನ ಮುಂದೆ ರಂಗೋಲಿ ಇಟ್ಟಿದ್ದರು. ಬಾನೆಟ್ಟಿಗೆ ಸೇವಂತಿಗೆ ಹಾರ ಬಿದ್ದಿತ್ತು, ಎರಡೂ ಕಡೆ ಬಾಳೆಕಂದು. ಯಜಮಾನರು ಕುಂಕುಮ ತುಂಬಿದ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿಕೊಂಡು ಮುಂದೆ ನಿಂತು ದೃಷ್ಟಿ ತೆಗೆಯುತ್ತಿದ್ದರು. ಕಣ್ಣೆಲ್ಲ ಆ ಬೆಂಕಿಯ ಮೇಲೆ.

“ಅತ್ತಿಗೆ, ಸ್ಟಾರ್ಟ್ ಮಾಡಿ. ನಿಮ್ಮ ಗಾಡಿ ಕೆಮ್ಮಿ ಕ್ಯಾಕರಿಸಿ ಏಳೋ ಹೊತ್ತಿಗೆ ರಾಹುಕಾಲ ಬರುತ್ತೆ,” ಎಂದರು ನಾದಿನಿ.

ಸ್ಟೀರಿಂಗ್ ಹಿಡಿದು ಕೂತಿದ್ದ ನಾನು ನಕ್ಕು ಕ್ಲಚ್ ಒತ್ತಿದೆ. ಜೀಪು ಚಲಿಸಿತು.

ಸದ್ದಿಲ್ಲದೆ ಚಲಿಸಿತು. ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ಬ್ರೇಕ್ ತುಳಿದೆ. ಪೆಡಲ್ ಪೊಳ್ಳಾಗಿ ತಳ ಮುಟ್ಟಿತು. ಎರಡನೆಯ ಸಲ ತುಳಿಯಬೇಕು ಎಂಬುದು ನನಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಎಷ್ಟೋ ತುರ್ತು ಸಂದರ್ಭಗಳಲ್ಲಿ ನಡುಗದ ಕಾಲು ಅಲ್ಲೇ ಕಲ್ಲಾಗಿ ಕೂತಿತು. “ರೀ!” ಎಂದು ಕೂಗಿದೆ.

ಅವರು ತಲೆಯೆತ್ತಿ ನಕ್ಕರು. “ಇನ್ನೂ ಒಡ್ದೇ ಇಲ್ಲ, ತಡಿಯೇ! ಏನ್ ಅವಸರ ನಿಂಗೆ?”

ಅವರ ಮಂಡಿಗೆ ಆಪರೇಷನ್ ಆಗಿತ್ತು. ಥಟ್ಟನೆ ಹಿಂದಕ್ಕೆ ಸರಿಯಲು ಅವರಿಂದ ಆಗದು. ಅವರ ಮುಖದ ನಗು ಆರುವುದನ್ನು ಗಾಜಿನ ಈಚೆಯಿಂದ ನೋಡಿದೆ. ಇವರನ್ನು ನಾನೇ ಕೊಲ್ಲುತ್ತಿದ್ದೇನೆ ಎನಿಸಿತು. ಹೆದರಿಕೆಗೆ ಎರಡೂ ಕಾಲುಗಳನ್ನು ಪೆಡಲುಗಳಿಂದ ಹಿಂದಕ್ಕೆ ಎಳೆದುಕೊಂಡುಬಿಟ್ಟೆ. ಕ್ಲಚ್ ಬಿಟ್ಟಿತು, ರಿವರ್ಸ್ ಗೇರು ಹಿಡಿಯಿತು, ಜೀಪು ಒಮ್ಮೆ ಕುಲುಕಿ ನಿಂತಿತು.

ಬಂಪರ್ ಕುಂಬಳಕಾಯಿಯನ್ನು ಅವರ ಹೊಟ್ಟೆಗೆ ಒತ್ತಿ ಹಿಡಿದಿತ್ತು. ಕರ್ಪೂರ ರಂಗೋಲಿಯ ಮೇಲೆ ಬಿದ್ದು ಉರಿಯುತ್ತಿತ್ತು.

ಅವರು ಕಾಯಿಯ ಸಮೇತ ಮೆಲ್ಲನೆ ಪಕ್ಕಕ್ಕೆ ಜರುಗಿದರು. ನಾದಿನಿ ಅಳಲು ಶುರುಮಾಡಿದರು. “ನಾನೇ ಅತ್ತಿಗೆ, ಕಲ್ಲು ನಾನೇ ತೆಗ್ದೆ. ನಿಂಬೆಹಣ್ಣು ಇಡೋ ಜಾಗದಲ್ಲಿ ಕೊಳಕು ಕಲ್ಲು ಯಾಕೆ ಅಂತ ಕಾಂಪೌಂಡ್ ಹತ್ರ ಇಟ್ಟೆ. ಗಾಡಿಗೆ ಬ್ರೇಕ್ ಇಲ್ಲ ಅಂತ ನಂಗೇನ್ ಗೊತ್ತು?”

ಗಾಡಿಯ ಮುಂದಿನ ಕಲ್ಲನ್ನೇ ಬ್ರೇಕ್ ಎಂದು ಯಾರು ತಾನೆ ಎಣಿಸುತ್ತಾರೆ? ನಾವಿಬ್ಬರು ಬಿಟ್ಟರೆ ಯಾರೂ ಇಲ್ಲ.

ಯಜಮಾನರು ಕುಂಟುತ್ತ ಕಲ್ಲು ತಂದು ಗಾಲಿಯ ಮುಂದೆ ಬಗ್ಗಿದರು. ಆಗ ಇನ್ನೂ ಹೆಚ್ಚು ಹೆದರಿದೆ.

“ಪಕ್ಕದಿಂದ ಹಾಕ್ರೀ! ಮುಂದೆ ಬರ್ಬೇಡಿ!”

“ಆಯ್ತು ಸಿಸ್ಟರಮ್ಮ, ಆಯ್ತು,” ಎಂದರು.

ಕಲ್ಲುಗಳು ಕೂತ ಮೇಲೂ ಕೆಳಗಿಳಿಯಲು ನನಗೆ ಬಹಳ ಹೊತ್ತು ಹಿಡಿಯಿತು.

ಅಡುಗೆ, ಊಟ ಎಲ್ಲ ಹೊತ್ತಿಗೆ ಸರಿಯಾಗಿಯೇ ಆಯಿತು. ಯಜಮಾನರು ಮಲಗಿದಾಗ ಎರಡು ಸಲ ಹೋಗಿ ಉಸಿರಾಡುವುದನ್ನು ನೋಡಿ ಬಂದೆ. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಕಿಟಕಿಗೆ ಓಡುತ್ತಿದ್ದೆ. ಜೀಪು ಹಾರ ಹಾಕಿಕೊಂಡು ಅಲ್ಲೇ ನಿಂತಿರುತ್ತಿತ್ತು. ಮತ್ತೆ ನಾಲ್ಕು ಹೆಜ್ಜೆ ಒಳಗೆ ಬಂದರೆ ಅದೇ ಭಯ.

ಸಂಜೆ ಕಾಫಿಗೆ ಕೂತಾಗ ಹೇಳಿದೆ: “ಅನ್ನಪೂರ್ಣೇಶ್ವರಿ ನಗರದವರು ಜೀಪು ಕೇಳ್ತಿದ್ರಲ್ಲ, ಅವರಿಗೆ ಫೋನ್ ಮಾಡಿ.”

“ನೀನಾ ಈ ಮಾತು ಹೇಳ್ತಿರೋದು? ಬ್ರೇಕ್ ಸರಿ ಮಾಡಿಸಿದ್ರೆ ಆಯ್ತಲ್ಲೇ.”

“ಮಾಡಿಸೋಣ. ಪೂರ್ತಿ ಹೊಸದು ಹಾಕಿಸೋಣ. ಆಮೇಲೆ ಕೊಡೋಣ.”

“ಮಾರೋ ಗಾಡಿಗೆ ಯಾರಾದ್ರೂ ಖರ್ಚು ಮಾಡ್ತಾರಾ?”

“ಅವರ ಮನೆ ಮುಂದೇನೂ ಯಾರೋ ಒಬ್ರು ಕುಂಬಳಕಾಯಿ ಹಿಡ್ಕೊಂಡು ನಿಂತ್ಕೋತಾರೆ ಕಣ್ರೀ.”

ಅವರು ಕಾಫಿ ಲೋಟ ಕೆಳಗಿಟ್ಟರು. “ಬಂಡೆ?” ಎಂದರು.

ಬಂಡೆ ಕಣ್ಮುಂದೆ ಬಂತು. ಇಷ್ಟು ವರ್ಷ ಗ್ಯಾರೇಜಿನ ಬಿಲ್ಲನ್ನು ಆ ಬಂಡೆಯ ಪಕ್ಕ ಇಟ್ಟು ತೂಗಿದ್ದೆ. ಪ್ರತಿ ಸಲವೂ ಬಂಡೆಯೇ ಗೆದ್ದಿತ್ತು. ಈಗ ಬಿಲ್ಲಿನ ಜಾಗದಲ್ಲಿ ಗಾಜಿನ ಆಚೆ ಆರಿದ ನಗುವೊಂದು ಕೂತಿತ್ತು.

“ಬೇಡ,” ಎಂದೆ.

ಕುಂಬಳಕಾಯಿ ಒಡೆಯದೆ ಜಗಲಿಯ ಮೇಲೇ ಉಳಿದಿತ್ತು. ದೃಷ್ಟಿ ತೆಗೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದೀಪ ಹಚ್ಚುವ ಮೊದಲು ಯಜಮಾನರು ಅದನ್ನು ಜೀಪಿನ ಹಿಂದೆ, ಏರಿನ ಕಡೆ, ರಸ್ತೆಯ ಅಂಚಿಗೆ ಒಡೆದರು. ಜೀಪಿನ ಮುಂದೆ ಹೋಗಲು ನಾನು ಬಿಡಲಿಲ್ಲ. ಸ್ಕೂಟರಿನವರು ಯಾರೂ ಜಾರಿ ಬೀಳದಿರಲೆಂದು ಹೋಳುಗಳನ್ನೆಲ್ಲ ಮೊರಕ್ಕೆ ಎತ್ತಿ, ಕುಂಕುಮದ ನೀರಿನ ಮೇಲೆ ಮಣ್ಣು ಹಾಕಿ ಗುಡಿಸಿದೆ. ಒಳಗೆ ಬರುವ ಮುನ್ನ ಎರಡೂ ಕಲ್ಲುಗಳನ್ನು ಕಾಲಿಂದ ಒದ್ದು ನೋಡಿ, ಗೇಟು ಹಾಕಿದೆ.