ಸುತರ್ಮಿಯ ಆನೆ ಕುರ್ಚಿ

ಸುತರ್ಮಿಗೆ ಕುರ್ಚಿಯ ಮೇಲೆ ಯಾಕಷ್ಟು ಆಸೆ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ತಮ್ಮತಮ್ಮಲ್ಲೇ ಕೇಳಿಕೊಂಡವರು, ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೇನೋ. ಅವಳ ಅಮ್ಮ ಜಾವಾದ ಮಗೆಲಾಂಗ್ ಪೇಟೆಯ ದೊಡ್ಡ ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹುಡುಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಪಡಸಾಲೆಯಲ್ಲಿದ್ದ ಕೆತ್ತನೆಯ ಕುರ್ಚಿಗಳನ್ನು ನೋಡುತ್ತ ಹೊತ್ತು ಕಳೆಯುತ್ತಿತ್ತು. ಒಂದು ದಿನ ಮೆಲ್ಲಗೆ ಹೋಗಿ, ಕೈಯೂರುವ ಜಾಗದಲ್ಲಿ ಕೆತ್ತಿದ್ದ ಹೂವನ್ನು ಬೆರಳಿನಿಂದ ಮುಟ್ಟಿ ನೋಡಿತು. ಯಜಮಾನಿ ಬೈಯಲಿಲ್ಲ, ಹೊಡೆಯಲಿಲ್ಲ. ಕೆಲಸದವಳನ್ನು ಕರೆದು ಆ ಹೂವನ್ನು ಬಟ್ಟೆಯಿಂದ ಒರೆಸಲು ಹೇಳಿದಳು, ಅಷ್ಟೆ. ಬೈದಿದ್ದರೆ ಮರೆತುಹೋಗುತ್ತಿತ್ತು. ಒರೆಸಿದ್ದು ಮರೆಯಲಿಲ್ಲ.

ಆ ಹುಡುಗಿ ಬೆಳೆದು ಹೊಲಿಗೆ ಕಲಿತಳು. ಮದುವೆಯ ಕೆಬಾಯಾ ರವಿಕೆ ಹೊಲಿಸಬೇಕಾದರೆ ಸುತರ್ಮಿಯ ಹತ್ತಿರವೇ ಹೋಗಬೇಕು ಅನ್ನುವಷ್ಟು ಹೆಸರು ಮಾಡಿದಳು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಅಳತೆ ತೆಗೆಯುವಾಗಲೇ "ಮದುವೆ ಹೊತ್ತಿಗೆ ಎರಡು ತಟ್ಟೆ ಕಡಿಮೆ ತಿನ್ನು ತಾಯಿ, ನನ್ನ ಹೊಲಿಗೆ ಬಿಟ್ಟುಕೊಳ್ಳುತ್ತೆ" ಅನ್ನುವವಳು. ಜನ ನಗುತ್ತಿದ್ದರು. ಹೊಲಿಗೆ ಚೆನ್ನಾಗಿದ್ದರೆ ನಾಲಿಗೆಯನ್ನು ಎಲ್ಲರೂ ಸಹಿಸಿಕೊಳ್ಳುತ್ತಾರೆ.

ಗಂಡ ದರ್ಮಾಜಿ ರೈಲ್ವೆ ಗೇಟು ಹಾಕುವ ಕೆಲಸದವನು. ಹಗಲಿಡೀ ಗೂಡಿನಂಥ ಕೋಣೆಯಲ್ಲಿ ಒಬ್ಬನೇ ಕೂತು, ಗಾಡಿ ಬಂದಾಗ ಗೇಟು ಇಳಿಸಿ, ಹೋದಾಗ ಎತ್ತಿ, ಜೀವಮಾನವೆಲ್ಲ ಬೇರೆಯವರು ಎಲ್ಲಿಗೋ ಹೋಗುವುದನ್ನು ನೋಡಿದವನು. ಮಾತಿಗೆ ಹಸಿದ ಮನುಷ್ಯ. ಅವನ ಹಸಿವು ತೀರುತ್ತಿದ್ದದ್ದು ಗುರುವಾರ ಸಂಜೆ. ಅವತ್ತು ನಮ್ಮ ಓಣಿಯ ಗಂಡಸರೆಲ್ಲ ಒಂದು ಮನೆಯಲ್ಲಿ ಸೇರಿ, ಚಾಪೆಯ ಮೇಲೆ ಕೂತು, ಸತ್ತ ಹಿರಿಯರ ಹೆಸರಿನಲ್ಲಿ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾರೆ. ಓದು ಮುಗಿದ ಮೇಲೆ ಸಕ್ಕರೆ ಸುರಿದ ಚಹಾ, ಸೋಯಾ ಕಾಳಿನ ಕರಿದ ತೆಂಪೆ, ಆಮೇಲೆ ಹರಟೆ. ಸರದಿ ಯಾರದೇ ಇರಲಿ, ಮನೆ ಚಿಕ್ಕದು ಅಂದವರೆಲ್ಲ ದರ್ಮಾಜಿಯ ಪಡಸಾಲೆಯನ್ನೇ ಕೇಳುತ್ತಿದ್ದರು. ಅವನ ಅಪ್ಪನ ಕಾಲದಲ್ಲಿ ಹೊಗೆಸೊಪ್ಪು ಹರಡುತ್ತಿದ್ದ ಜಾಗ ಅದು. ಒಂದು ಸಾಮಾನಿಲ್ಲ, ಬರೀ ನೆಲ. ಗುರುವಾರ ಮಧ್ಯಾಹ್ನವೇ ದರ್ಮಾಜಿ ಚಾಪೆ ಕೊಡವಿ ಹಾಸಿ, ಒಗೆದ ಸರೊಂಗ್ ಲುಂಗಿ ಉಟ್ಟು ಬಾಗಿಲಲ್ಲಿ ನಿಂತುಬಿಡುತ್ತಿದ್ದ. ಬಂದವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಕರೆಯುತ್ತಿದ್ದ.

ಸುತರ್ಮಿಗೆ ಆ ಬರಿ ನೆಲ ಕಣ್ಣಿಗೆ ಚುಚ್ಚುತ್ತಿತ್ತು.

ಮಗಳು ಅಂಬರ್ ಮದುವೆಯಾಗಿ ಸೆಮರಾಂಗಿಗೆ ಹೋದ ಮೇಲೆ, ಒಮ್ಮೆ ರಜೆಗೆ ಬಂದವಳು ಅಮ್ಮನ ಫೋನಿನಲ್ಲಿ ಹೊಸದೊಂದು ಆ್ಯಪ್ ಹಾಕಿಕೊಟ್ಟಳು. ಅಂಗಡಿಯ ಸಾಮಾನನ್ನು ಕೊಳ್ಳುವ ಮುಂಚೆ ನಮ್ಮ ಮನೆಯಲ್ಲೇ ಇಟ್ಟು ನೋಡಬಹುದು. ಫೋನನ್ನು ನೆಲದ ಕಡೆ ಹಿಡಿದು ಸ್ವಲ್ಪ ಅತ್ತಿತ್ತ ಆಡಿಸಿದರೆ ಸಾಕು, ಅಲ್ಲಿಲ್ಲದ ಮೇಜು ಅಲ್ಲೇ ಇದ್ದ ಹಾಗೆ ಪರದೆಯಲ್ಲಿ ಕಾಣುತ್ತದೆ. ಸುತ್ತ ನಡೆದರೆ ಅದರ ಬೆನ್ನೂ ಕಾಣುತ್ತದೆ.

"ನೆಲ ಖಾಲಿ ಇರ್ಬೇಕಮ್ಮಾ, ಚಾಪೆ ಸುತ್ತಿಡು," ಅಂದಳು ಅಂಬರ್.

ಚಾಪೆ ಸುತ್ತಿಟ್ಟಾಯಿತು. ಸುತರ್ಮಿ ಮೊದಲು ಕಪಾಟು ನೋಡಿದಳು, ದೀಪ ನೋಡಿದಳು, ಕೊನೆಗೆ ಜೆಪಾರಾದ ತೇಗದ ಕುರ್ಚಿಗಳನ್ನು ತೆಗೆದಳು. ಅವುಗಳ ಗಾತ್ರಕ್ಕೆ ನಮ್ಮಲ್ಲಿ ಆನೆ ಕುರ್ಚಿ ಅಂತಲೇ ಹೆಸರು. ಮೂವರು ಕೂರುವ ಉದ್ದನೆಯದು ಒಂದು, ಒಬ್ಬೊಬ್ಬರದು ನಾಲ್ಕು, ನಡುವೆ ಮೇಜು, ಎಲ್ಲದರ ಮೈತುಂಬ ಹೂಬಳ್ಳಿ. ಫೋನು ಎತ್ತಿ ಹಿಡಿದಳು. ಬರಿ ನೆಲದ ಮೇಲೆ ಕುರ್ಚಿಗಳು ಒಂದೊಂದಾಗಿ ಬಂದು ನಿಂತವು.

"ಪಾಕ್ನೆ," ಅಂತ ಗಂಡನನ್ನು ಕೂಗಿದಳು, "ಸ್ವಲ್ಪ ಆಚೆ ಸರೀರಿ. ಕುರ್ಚಿ ನಿಮ್ಮ ಮೇಲೇ ಕೂತಿದೆ!"

ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದ ದರ್ಮಾಜಿ ಲೋಟ ಹಿಡಿದುಕೊಂಡೇ ಸರಿದ. "ನೋಡಮ್ಮಾ ಅಂಬರ್, ಇನ್ನೂ ಮನೆಗೆ ಬಂದೇ ಇಲ್ಲ, ಆಗ್ಲೇ ನನ್ನ ಜಾಗ ಹಿಡೀತು!"

ಮೂವರೂ ನಕ್ಕರು. ನಕ್ಕು ಮುಗಿಸಿ ಅವನು ಹೆಂಡತಿಯನ್ನು ಕೇಳಿದ: "ಅಲ್ಲ ಬುನೆ, ಗುರುವಾರ ಜನ ಎಲ್ಲಿ ಕೂರ್ತಾರೆ?"

"ಎತ್ತಿ ಜಗಲಿಗಿಟ್ರಾಯ್ತು. ಅಷ್ಟು ಗಂಡಸರು ಬರ್ತೀರಲ್ಲ, ನಾಲ್ಕು ಕುರ್ಚಿ ಎತ್ತೋಕಾಗಲ್ವ?"

ಆ್ಯಪು ಸುಳ್ಳು ಹೇಳಲಿಲ್ಲ, ಅದನ್ನು ದೂರಿ ಪ್ರಯೋಜನವಿಲ್ಲ. ಗೋಡೆಯಿಂದ ಗೋಡೆಗೆ ಕುರ್ಚಿ ಹಿಡಿಸುತ್ತದೆ ಅಂತ ತೋರಿಸಿತು, ಹಿಡಿಸಿತು. ಬಣ್ಣ ತೋರಿಸಿತು, ಅದೇ ಬಣ್ಣ ಬಂತು. ಆದರೆ ಅವಳು ಅಳತೆ ನೋಡಿದ್ದು ಚಾಪೆ ಸುತ್ತಿಟ್ಟ ನೆಲದ್ದು. ಆ ನೆಲದ ಮೇಲೆ ವಾರವಾರ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರುತ್ತಿದ್ದವರು ಯಾವ ಫೋನಿನಲ್ಲೂ ಕಾಣುವವರಲ್ಲ. ಅವರನ್ನು ಅವಳೇ ಕಾಣಬೇಕಿತ್ತು.

ಕುರ್ಚಿ ತಂದ ಲಾರಿ ಓಣಿಯೊಳಗೆ ಬರಲಿಲ್ಲ. ಬಾಯಲ್ಲೇ ಇಳಿಸಿ ಹೊರಟುಹೋಯಿತು. ಓಣಿಯ ಗಂಡಸರೇ ಬಂದು ಹೆಗಲು ಕೊಟ್ಟರು. ಯಾಸೀನ್ ಓದಿಸುವ ಹಿರಿಯ, ಮರ್ಯಾದೆಗೆ ಎಲ್ಲರೂ ಪಾಕ್ ಅನ್ನುವ ಕಸ್ಬಾರಿ ಎಲ್ಲರ ಮುಂದೆ ನಿಂತು "ಬಲಕ್ಕೆ! ಅಯ್ಯೋ, ನಿನ್ನ ಬಲಕ್ಕಲ್ಲ ಮಾರಾಯ, ನನ್ನ ಬಲಕ್ಕೆ!" ಅಂತ ಕೂಗುತ್ತಿದ್ದ. "ಬು ಸುತರ್ಮಿ ಆನೆ ಸಾಕ್ತಾಳೆ, ನಾವು ಮಾವುತರು," ಅಂತ ಯಾರೋ ಅಂದರು. ಸುತರ್ಮಿ ಅವತ್ತು ಎಲ್ಲರಿಗೂ ಹೊಟ್ಟೆ ತುಂಬ ಸೊತೊ ಸಾರು, ಅನ್ನ ಬಡಿಸಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದರ ಮುಂದಿನ ಗುರುವಾರ ಕುರ್ಚಿಗಳನ್ನು ಜಗಲಿಗೆ ಎತ್ತಿಟ್ಟು ಚಾಪೆ ಹಾಸಿದರು. ಓದು ಆಯಿತು, ಚಹಾ ಆಯಿತು. ವಾಪಸು ಒಳಗೆ ಸಾಗಿಸುವಾಗ ಉದ್ದನೆಯ ಕುರ್ಚಿಯ ಮೂಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಕೆತ್ತನೆಯ ಒಂದು ಎಸಳು ಹಾರಿ ನೆಲಕ್ಕೆ ಬಿತ್ತು, ಮೈಮೇಲೆ ಉದ್ದಕ್ಕೆ ಗೀರು ಎದ್ದಿತು. ಆ ಮೂಲೆ ಹಿಡಿದಿದ್ದವನು ಕಸ್ಬಾರಿ.

ಸುತರ್ಮಿ ಅಡುಗೆಮನೆಯಿಂದ ಓಡಿಬಂದಳು. ಬಂದವಳೇ ಬಾಯಿ ಬಿಟ್ಟಳು.

"ಕಣ್ಣು ಎಲ್ಲಿಟ್ಟಿದ್ರಿ ಪಾಕ್? ನಿಮ್ಮನೇಲಿ ಪ್ಲಾಸ್ಟಿಕ್ ಕುರ್ಚಿ ಎತ್ತಿ ಅಭ್ಯಾಸ ನಿಮಗೆ. ತೇಗ ಅಂದ್ರೆ ಏನಂತ ಗೊತ್ತಿದ್ರೆ ತಾನೇ!"

ಅಷ್ಟು ಜನರ ಎದುರಿಗೆ. ಅಪ್ಪನ ವಯಸ್ಸಿನವನಿಗೆ. ಅದೂ ಆಗಷ್ಟೇ ಅವಳ ಮಾವನ ಹೆಸರು ಹೇಳಿ ಪ್ರಾರ್ಥನೆ ಮಾಡಿ ಎದ್ದವನಿಗೆ.

ಕಸ್ಬಾರಿ ನಕ್ಕ. "ತಪ್ಪಾಯ್ತು ಬು, ವಯಸ್ಸಾಯ್ತು ನೋಡಿ, ಕೈ ಜಾರಿತು." ಉಳಿದವರೂ ನಕ್ಕರು. ಕುರ್ಚಿಯನ್ನು ಅದರ ಜಾಗಕ್ಕೆ ಇಟ್ಟು, ಎಲ್ಲರೂ ಅವಳಿಗೆ ನಮಸ್ಕಾರ ಹೇಳಿ ಹೋದರು. ಬೇರೆ ಊರಿನಲ್ಲಾಗಿದ್ದರೆ ಅಲ್ಲೇ ಜಗಳವಾಗಿ, ಅಲ್ಲೇ ಮುಗಿಯುತ್ತಿತ್ತು. ನಮ್ಮ ಜಾವಾ ಜನಕ್ಕೆ ಆ ಭಾಗ್ಯವಿಲ್ಲ. ನಮಗೆ ದಾಕ್ಷಿಣ್ಯ ಹೆಚ್ಚು. ನೊಂದಷ್ಟೂ ನಗುತ್ತೇವೆ, ನಗುತ್ತಲೇ ದೂರವಾಗುತ್ತೇವೆ.

ಮುಂದಿನ ವಾರ ಕಸ್ಬಾರಿ ಬಾಗಿಲಲ್ಲೇ ನಿಂತು ಹೇಳಿ ಹೋದ: "ಈ ಗುರುವಾರ ನಮ್ಮನೇಲೇ ಇಟ್ಕೊಳ್ತೀವಿ ಪಾಕ್ ದರ್ಮಾಜಿ. ನಿಮಗ್ಯಾಕೆ ಸುಮ್ನೆ ತೊಂದ್ರೆ." ಅದರ ಮುಂದಿನ ವಾರ ಇನ್ನೊಬ್ಬರು, ಅದೇ ಮಾತು, ಅಷ್ಟೇ ಮೆತ್ತಗೆ. ದರ್ಮಾಜಿಯ ಮನೆಯ ಸರದಿ ಬಂದಾಗ, ಅದು ಬರಲೇ ಇಲ್ಲವೇನೋ ಅನ್ನುವ ಹಾಗೆ ಮುಂದಕ್ಕೆ ಹೋಯಿತು. ಕಸ್ಬಾರಿಯ ಮನೆ ಬೆಂಕಿಪೊಟ್ಟಣದಷ್ಟು. ಅರ್ಧ ಜನ ಹೊರಗೆ ಚರಂಡಿಯ ಚಪ್ಪಡಿ ಮೇಲೆ ಕೂತು ಓದಿದರು. ದರ್ಮಾಜಿಯೂ ಅವರ ನಡುವೆ ಕೂತ. ಎಲ್ಲರೂ ಅವನನ್ನು ಮೊದಲಿನಷ್ಟೇ ಮರ್ಯಾದೆಯಿಂದ ಮಾತಾಡಿಸಿದರು, ಆದರೆ ಅವನಿಗೆ ಬಾಗಿಲಲ್ಲಿ ನಿಂತು ಯಾರನ್ನೂ ಕರೆಯುವ ಕೆಲಸ ಉಳಿದಿರಲಿಲ್ಲ.

"ಬುನೆ," ಅಂದ ಒಂದು ದಿನ, ಊಟಕ್ಕೆ ಕೂತಾಗ. "ಪಾಕ್ ಕಸ್ಬಾರಿ ಹತ್ರ ಹೋಗಿ ಒಂದ್ಮಾತು ಹೇಳಿ ಬಾ. ಬಾಯಿ ತಪ್ಪಿ ಬಂತು ಅನ್ನು. ಸಾಕು."

"ನಾನೇನು ಸುಳ್ಳು ಹೇಳಿದ್ನಾ? ಒಡೆದದ್ದು ಅವರು. ನನ್ನ ದುಡಿಮೆದು, ಕಣ್ಣು ಹಾಳು ಮಾಡ್ಕೊಂಡು ಹೊಲಿದು ತಗೊಂಡಿದ್ದು."

"ನಿಂದು ತಪ್ಪು ಅಂತ ಯಾರು ಅಂದ್ರು? ನನಗೋಸ್ಕರ ಹೇಳು ಅಂದೆ."

"ಲೆಬರಾನ್ ಹಬ್ಬ ಬರ್ಲಿ. ಅವತ್ತು ಎಲ್ರೂ ಎಲ್ರಿಗೂ ಕ್ಷಮಿಸಿ ಅಂತಾರಲ್ಲ, ಅವಾಗ ಹೇಳ್ತೀನಿ."

ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವಳು ಸಿಡುಕುತ್ತಿದ್ದಳು, ಆಮೇಲೆ ಹೋಗುತ್ತಿದ್ದಳು. ಅವಳ ರೀತಿಯೇ ಹಾಗೆ. ಎರಡನೇ ಸಲ ಕೇಳುವುದು ಅವನ ರೀತಿಯಲ್ಲ.

ರಂಜಾನಿನ ಉಪವಾಸ ಮುಗಿದು ಲೆಬರಾನ್ ಬಂತು. ಓಣಿಯವರೆಲ್ಲ ಹೊಸ ಬಟ್ಟೆ ತೊಟ್ಟು ಮನೆಮನೆಗೆ ಬಂದ ಹಾಗೆ ಸುತರ್ಮಿಯ ಮನೆಗೂ ಬಂದರು. ಅವಳು ಎಳೆವಯಸ್ಸಿನಿಂದ ಕನಸು ಕಂಡ ದಿನ ಅದು. ಕೆತ್ತನೆಯ ಕುರ್ಚಿ, ನಡುವೆ ಮೇಜು, ಮೇಜಿನ ಮೇಲೆ ಅನಾನಸ್ ತುಂಬಿದ ಬಿಸ್ಕತ್ತಿನ ಗಾಜಿನ ಡಬ್ಬಿ. ಬಂದವರು "ಎಷ್ಟು ಚೆಂದ, ಬು, ಅರಮನೆ ಹಾಗಿದೆ," ಅಂದರು. ಅಂದು, ಕುರ್ಚಿಯ ತುದಿಯಲ್ಲಿ ಕೂತರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಮಕ್ಕಳನ್ನು "ಮುಟ್ಬೇಡ, ಮುಟ್ಬೇಡ" ಅಂತ ಹಿಡಿದುಕೊಂಡರು. ಚಹಾ ಅರ್ಧ ಕುಡಿದು ಎದ್ದರು. ಕಸ್ಬಾರಿ ಬಂದಾಗ ಸುತರ್ಮಿ ಎರಡೂ ಕೈ ಜೋಡಿಸಿ, ಹಬ್ಬದ ದಿನ ಎಲ್ಲರೂ ಹೇಳುವ ಕ್ಷಮೆಯ ಮಾತು ಹೇಳಿದಳು. ಅವನೂ ಅದೇ ಮಾತು ಹೇಳಿದ. ಅದು ಎಲ್ಲರಿಗೂ ಹೇಳುವ ಮಾತು, ಅವನಿಗೆ ಅಂತ ಒಂದು ಮಾತನ್ನು ಅವಳು ಬೇರೆ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತಂತೆ. ಅಷ್ಟರಲ್ಲಿ ಬೇರೆ ಯಾರೋ ಒಳಗೆ ಬಂದರಂತೆ.

ಎಲ್ಲರೂ ಹೋದ ಮೇಲೆ ದರ್ಮಾಜಿ ಹಿಂದಿನ ಕೋಣೆಯಲ್ಲಿ ಹರಕು ಚಾಪೆ ಹಾಸಿಕೊಂಡು ಮಲಗಿದ್ದ. ಆ ಕುರ್ಚಿಗಳ ಮೇಲೆ ಅವನು ಕೂತದ್ದನ್ನು ಅವಳು ಕಂಡೇ ಇರಲಿಲ್ಲ. ಅವತ್ತು ಮೊದಲ ಸಲ ಅದು ಅವಳ ಗಮನಕ್ಕೆ ಬಂತು.

"ಮಾರಿಬಿಡೋಣ್ವಾ?" ಅಂತ ಅವಳೇ ಕೇಳಿದಳು.

"ಛೆ, ನೀನು ಅಷ್ಟು ಆಸೆಪಟ್ಟು ತಗೊಂಡಿದ್ದು. ಇರ್ಲಿ ಬಿಡು," ಅಂದ.

ಅವಳು ಇರಲಿ ಅಂತಲೇ ಬಿಟ್ಟಳು. ಮುಂದಿನ ಗುರುವಾರ ಕಸ್ಬಾರಿಯ ಮನೆಗೆ ಹೋಗಿ ಹೇಳುವುದು, ಎಲ್ಲರನ್ನೂ ನಮ್ಮ ಮನೆಗೇ ಕರೆಯುವುದು ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಆ ಗುರುವಾರ ಒಂದು ಮದುವೆಯ ಹೊಲಿಗೆ ಅವಸರದ್ದಿತ್ತು. ಅದರ ಮುಂದಿನ ಗುರುವಾರ ಮಳೆ. ಆಡಬೇಕಾದ ಮಾತಿಗೆ ಹೊತ್ತು ಕೂಡಿಬರಲಿ ಅಂತ ಕಾಯುವವರಿಗೆ ಇಂಥ ನೆವಗಳು ಸಿಗುತ್ತಲೇ ಇರುತ್ತವೆ.

ಒಂದು ಬೆಳಿಗ್ಗೆ ದರ್ಮಾಜಿ ಎದೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕುಸಿದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮುಗಿದುಹೋಗಿತ್ತು.

ದೇಹ ಮನೆಗೆ ಬಂತು. ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಮಸೀದಿಯ ಮೈಕಿನಲ್ಲಿ ಹೆಸರು ಹೇಳಿದ ಕೂಡಲೇ ಓಣಿಗೆ ಓಣಿಯೇ ಬಂತು. ಬಾರದೆ ಇರುವವರಲ್ಲ ನಮ್ಮ ಜನ. ಹೆಂಗಸರು ಅಕ್ಕಿ ತಂದು ಅಡುಗೆಮನೆ ಹಿಡಿದರು, ಗಂಡಸರು ಪಡಸಾಲೆಗೆ ಬಂದರು. ದೇಹವನ್ನು ಪಡಸಾಲೆಯಲ್ಲಿ ಮಲಗಿಸಬೇಕು, ಸುತ್ತ ಕೂತು ಓದಬೇಕು. ಅದಕ್ಕೆ ಮೊದಲು ಕುರ್ಚಿಗಳು ಹೊರಗೆ ಹೋಗಬೇಕು.

ಸುತರ್ಮಿ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಂಡಸರು ಕುರ್ಚಿಗಳ ಸುತ್ತ ನಿಂತರು, ಯಾರೂ ಕೈ ಹಾಕಲಿಲ್ಲ. ಕಸ್ಬಾರಿ ಸದ್ದಿಲ್ಲದೆ ಹೊರಗೆ ಹೋದ. ವಾಪಸು ಬಂದಾಗ ಅವನ ಕೈಯಲ್ಲಿ ಮಡಿಸಿದ ಹಳೆಯ ಸರೊಂಗ್‌ಗಳ ಗಂಟು. ಮನೆಯಿಂದ ತಂದದ್ದು. ಇನ್ನಿಬ್ಬರೂ ಹೋಗಿ ತಮ್ಮ ಮನೆಯಿಂದ ಹೊದಿಕೆ ತಂದರು. ನೆಲದ ಮೇಲೆ ಮಂಡಿಯೂರಿ, ಕುರ್ಚಿಯ ಒಂದೊಂದು ಕಾಲಿಗೂ, ಒಂದೊಂದು ಮೂಲೆಗೂ ಬಟ್ಟೆ ಸುತ್ತಿ ಕಟ್ಟತೊಡಗಿದರು. ಯಾರ ಮುಖದಲ್ಲೂ ಕೊಂಕಿರಲಿಲ್ಲ.

ಸುತರ್ಮಿಗೆ ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

"ಬಟ್ಟೆ ಬೇಡ ಪಾಕ್," ಅಂದಳು. ಮುಂದೆ ಬಂದು ಕಸ್ಬಾರಿಯ ತೋಳು ಹಿಡಿದಳು. "ಬೇಡ, ದಮ್ಮಯ್ಯ, ಎಳೆದು ಹಾಕಿ. ಮುರಿದ್ರೆ ಮುರೀಲಿ. ಅವತ್ತು ನಾನು ಹಾಗೆ ಅನ್ಬಾರ್ದಿತ್ತು. ಅವರು ಹೇಳಿದ್ರು, ಹೋಗಿ ಹೇಳಿ ಬಾ ಅಂತ ಹೇಳಿದ್ರು, ನಾನೇ ಬರ್ಲಿಲ್ಲ..."

ಕಸ್ಬಾರಿ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಕೈಯಿಂದ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದ.

"ಇರ್ಲಿ ಬು, ಇರ್ಲಿ. ಈ ಸಲ ಗೀರು ಬೀಳದ ಹಾಗೆ ನೋಡ್ಕೊಳ್ತೀವಿ," ಅಂದ, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ.

ಅವರು ನಿಧಾನವಾಗಿ, ಹೆಜ್ಜೆ ಹೆಜ್ಜೆಗೂ ನಿಂತು ಚೌಕಟ್ಟು ನೋಡಿಕೊಂಡು, ಕುರ್ಚಿಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದರು. ಎಲ್ಲವೂ ಜೋಪಾನವಾಗಿ ಜಗಲಿ ಸೇರುವ ತನಕ ದರ್ಮಾಜಿ ಒಳಗೆ ಕಾಯುತ್ತ ಮಲಗಿದ್ದ.