ಹಳೇ ಟಾರಿಗೆ ಹೊಯ್ದ ಎಣ್ಣೆ

ಶಿರಾದಿಂದ ಬುಕ್ಕಾಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದ ಗುಡಿಸಲಲ್ಲಿ ರಸ್ತೆ ರಿಪೇರಿ ಗ್ಯಾಂಗಿನ ಕ್ಯಾತಪ್ಪ ಒಬ್ಬನೇ ಇದ್ದ. ಗುಂಡಿ ಮುಚ್ಚುವುದು, ಚರಂಡಿ ಬಗೆಯುವುದು ಅವನ ಕೆಲಸ. ಹೋಗುವ ಬಸ್ಸಿಗೆಲ್ಲ ಕೈ ಎತ್ತುತ್ತಿದ್ದ, ಹತ್ತುವುದಕ್ಕಲ್ಲ. ಡ್ರೈವರು ನಿಲ್ಲಿಸಿ ಬೈದು ಹೋದರೂ ಇವನಿಗೆ ಸಂತೋಷ. ಹೆಂಡತಿ ಜುಂಜಮ್ಮ ತೀರಿಕೊಂಡ ಮೇಲೆ ಮಾತಿನ ಹಸಿವು ಅಷ್ಟಿತ್ತು.

ಹುಟ್ಟಿದ್ದು ಕುರಿ ಕಾಯುವವರ ಹಟ್ಟಿಯಲ್ಲಿ. ಅಪ್ಪ ಸತ್ತ ವರ್ಷವೇ ಮಂದೆಯನ್ನೆಲ್ಲ ಅಣ್ಣ ಬೋರಪ್ಪನ ತಲೆಗೆ ಕಟ್ಟಿ ರಸ್ತೆ ಕೆಲಸಕ್ಕೆ ಸೇರಿಕೊಂಡ. ಅಂದೇ ಬೋರಪ್ಪ ತಮ್ಮನ ಜೊತೆ ಮಾತು ಬಿಟ್ಟ. ಇವನೂ ಮಾತಾಡಿಸಲಿಲ್ಲ, ಹಟದಲ್ಲಿ ಇಬ್ಬರದೂ ಒಂದೇ ಅಚ್ಚು. ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ಮೇಲೆ, ಮಂದೆ ಮೇವು ಹುಡುಕಿಕೊಂಡು ಇದೇ ರಸ್ತೆಯಲ್ಲಿ ಹೋಗುತ್ತಿತ್ತು. ಕ್ಯಾತಪ್ಪ ಗುಡಿಸಲ ಮುಂದೆ ನಿಲ್ಲುತ್ತಿದ್ದ, ಬೋರಪ್ಪ ಮುಖ ತಿರುಗಿಸಿ ಹೋಗುತ್ತಿದ್ದ. ಅಷ್ಟಕ್ಕೇ ಇವನು ವರ್ಷವಿಡೀ ಕಾಯುತ್ತಿದ್ದ.

ಎಂಬತ್ತನಾಲ್ಕನೇ ಇಸವಿಯಲ್ಲಿ ಹಳೇ ಟಾರು ರಸ್ತೆಯನ್ನೇ ಕಿತ್ತು, ಪುಡಿ ಮಾಡಿ, ಬಾಣಲೆಯಲ್ಲಿ ಕಾಯಿಸಿ ಮತ್ತೆ ಹಾಸುವ ಪ್ರಯೋಗ ಗುಡಿಸಲ ಮುಂದೆಯೇ ಶುರುವಾಯಿತು. ಓವರ್‌ಸಿಯರ್ ನಾಗಲಿಂಗಯ್ಯ ಒಂದು ಡ್ರಮ್ಮು ಕಪ್ಪೆಣ್ಣೆ ಇಳಿಸಿದರು.

“ಬಿಸಿಲಿಗೆ ಒಣಗಿ ಟಾರಿನ ಜಿಗುಟು ಹೋಗಿದೆ. ಇದನ್ನ ಬೆರೆಸಿದ್ರೆ ಮತ್ತೆ ಬರುತ್ತೆ. ಬಾಣಲೆಗೆ ಒಂದೇ ಡಬ್ಬ ನೋಡಪ್ಪ, ಹೆಚ್ಚಾದ್ರೆ ಕೆಡುತ್ತೆ.”

ಕ್ಯಾತಪ್ಪ ತಲೆಯಾಡಿಸಿದ. ಆದರೆ ಅವನು ಒಣಗಿ ಸೆಟೆದ ತೊಗಲಿನ ಕೆರಕ್ಕೆ ಹರಳೆಣ್ಣೆ ಕುಡಿಸಿ ಮೆತ್ತಗೆ ಮಾಡುವವರ ಮಗ. ಎಷ್ಟು ಕುಡಿಸಿದರೆ ಅಷ್ಟು ಹದ. ಎದ್ದುನಿಂತ ಹಳೇ ಜಲ್ಲಿ ಅಣ್ಣನ ಕುರಿಗಳ ಗೊರಸು ಸೀಳುವುದನ್ನು ಕಂಡು ಸಂಕಟಪಟ್ಟವನು. ಓವರ್‌ಸಿಯರ್ ಊಟಕ್ಕೆ ಹೋದಾಗ ಇನ್ನೊಂದು ಡಬ್ಬ ಹೊಯ್ದ. ರಸ್ತೆ ಮಿರಮಿರ ಮಿಂಚಿತು. ಈ ಸಲ ಅಣ್ಣ ನಿಂತು ನೋಡಿಯೇ ನೋಡುತ್ತಾನೆ ಎಂದುಕೊಂಡ.

ಅಣ್ಣ ನಿಂತ. ಮಂದೆ ಬಂದ ದಿನ ಮಧ್ಯಾಹ್ನದ ಬಿಸಿಲಿಗೆ ಟಾರು ಕರಗಿ ಮುಂದಿನ ಕುರಿಗಳ ಕಾಲು ಕಚ್ಚಿಕೊಂಡಿತ್ತು. ಮರಿಗಳು ಅರಚುತ್ತಿದ್ದವು. ಇಬ್ಬರೂ ಸೇರಿ ಒಂದೊಂದನ್ನೇ ಬಿಡಿಸಿ ಬದಿಗಿಟ್ಟರು. ಕೈಗೆ ಕೈ ತಗುಲಿದಾಗ ಅಂಥ ಹೊತ್ತಿನಲ್ಲೂ ಕ್ಯಾತಪ್ಪನಿಗೆ ಹಿತವೆನಿಸಿತು.

“ಯಾವನ್ಲಾ ಇದ್ಕೆ ಇಷ್ಟೊಂದು ಎಣ್ಣೆ ಸುರ್ದೋನು?” ಬೋರಪ್ಪ ಗುಡುಗಿದ.

“ನಾನೇ ಕಣಣ್ಣ. ನಿನ್ ಕುರಿ ಕಾಲ್ಗೆ ಮೆತ್ತುಗಿರ್ಲಿ ಅಂತ…”

ಬೋರಪ್ಪ ತಮ್ಮನ ಮುಖ ನೋಡಿದ. “ಅವತ್ತು ಬುಟ್ಟೋದೆ. ಇವತ್ತು ಇಂಗ್ ಮಾಡ್ದೆ,” ಎಂದವನೇ ಮಂದೆಯನ್ನು ಕೆಳಗಿನ ಹಳ್ಳಕ್ಕಿಳಿಸಿದ.

ನಾಗಲಿಂಗಯ್ಯ ಬಾಯಿಗೆ ಬಂದಂತೆ ಬೈದು, ಮೇಲೆ ಜಲ್ಲಿಪುಡಿ ಎರಚಿಸಿ ರೋಲರ್ ಹೊಡೆಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಗಟ್ಟಿಯಾಗಿ ಬಸ್ಸು ಕುಲುಕದೆ ಓಡತೊಡಗಿತು.

ಮರುವರ್ಷ ಕುರಿಗಂಟೆಯ ಸದ್ದು ಹಳ್ಳದ ಕಡೆಯಿಂದ ಬಂತು. ಕ್ಯಾತಪ್ಪ ರಸ್ತೆಯ ಅಂಚಿಗೆ ಓಡಿದ. ಇಷ್ಟು ವರ್ಷ ಅಣ್ಣನ ಮುಂದೆ ತಾನಾಗಿ ಬಾಯಿ ಬಿಡದವನು ಗಂಟಲು ಹರಿಯುವಂತೆ ಕೂಗಿದ: “ಅಣ್ಣೋ! ರೋಡು ಗಟ್ಟಿಯಾಗೈತೆ, ಈ ಕಡೆ ಬಾರಣ್ಣೋ!”

ಗಂಟೆಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಹಳ್ಳದಲ್ಲೇ ಮುಂದಕ್ಕೆ ಹೋಯಿತು.