ಡಬ್ಬಿಗೊಂದು ಪರದೆ ಹೊಂದಿಸುವ ಗಾಜಕ್ಕ

ಸೂರ್ಯ ಇನ್ನೂ ಎದುರಿನ ಕಟ್ಟಡದ ಬೆನ್ನ ಹಿಂದೆಯೇ ಇದ್ದಾನೆ. ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಓಣಿಯಲ್ಲಿ ಒಂದೇ ಒಂದು ಶಟರ್ ಅರ್ಧ ಮೇಲೆದ್ದಿದೆ. ಬಗ್ಗಿ ಒಳಗೆ ನುಸುಳಿದರೆ, ಕತ್ತಲಲ್ಲಿ ಒಬ್ಬ ಹೆಂಗಸು ಮಾನಿಟರಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಏನೂ ಇಲ್ಲದ ಕಪ್ಪು ಪರದೆಯನ್ನೇ ದಿಟ್ಟಿಸುತ್ತಿದ್ದಾರೆ. ಗುಂಡಿಯೊಂದನ್ನು ಒತ್ತುತ್ತಾರೆ. ಪರದೆ ಪೂರ್ತಿ ಕೆಂಪಾಗುತ್ತದೆ, ಜೊತೆಗೆ ಅವರ ಮುಖವೂ. ಮತ್ತೊಮ್ಮೆ ಒತ್ತಿದರೆ ಹಸಿರು, ಆಮೇಲೆ ನೀಲಿ, ಆಮೇಲೆ ಹಾಲಿನಂಥ ಬಿಳಿ. ಕೆಳಗಿನ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದು ಯಾವ ಬಣ್ಣಕ್ಕೂ ಜಗ್ಗದೆ ಕಪ್ಪಗೆ ಕೂತಿದೆ.

"ಸಿಕ್ಕಿಬಿದ್ಯಾ?" ಎಂದು ಅದಕ್ಕೇ ಹೇಳಿ, ಮಾನಿಟರಿನ ಬೆನ್ನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, ಪಕ್ಕದ್ದನ್ನು ಎಬ್ಬಿಸಲು ಹೊರಡುತ್ತಾರೆ.

ಈ ಕೆಲಸಕ್ಕೆ ಮುಂಜಾವೇ ಆಗಬೇಕು. ಬಿಸಿಲು ಓಣಿಗೆ ಇಳಿದ ಮೇಲೆ ಪರದೆಗಳ ದೋಷವೆಲ್ಲ ಮರೆಯಾಗುತ್ತದೆ. ಅಂಚಿನಿಂದ ಸೋರುವ ಬೆಳಕು, ನಡುವೆ ಮಸುಕಾದ ಪಟ್ಟಿ, ಸತ್ತ ಚುಕ್ಕೆ, ಎಲ್ಲ ಕತ್ತಲಲ್ಲಿ ಮಾತ್ರ ಕಾಣುವಂಥವು. "ಹಗಲು ಹೊತ್ತಲ್ಲಿ ಎಲ್ಲಾ ಪರದೆನೂ ಸಾಚಾನೇ. ಅವುಗಳ ಬಂಡವಾಳ ಬಯಲಾಗೋದು ಈ ಹೊತ್ತಲ್ಲೇ ನೋಡಿ" ಎನ್ನುತ್ತಾರೆ ಆಕೆ, ಪರದೆಯಿಂದ ಕಣ್ಣು ತೆಗೆಯದೆ.

ಓಣಿಯ ತುಂಬ ಆಕೆಗಿರುವ ಹೆಸರು ಗಾಜಕ್ಕ. ನಿಜವಾದ ಹೆಸರು ಕೇಳಿದರೆ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಐವತ್ತು ದಾಟಿದ ವಯಸ್ಸು. ಹಿಂದೆ ಟೀವಿ ಕಾರ್ಖಾನೆಯೊಂದರಲ್ಲಿ ಸಾಲಿನ ಕಟ್ಟಕಡೆಯ ಕುರ್ಚಿ ಇವರದಾಗಿತ್ತು. ಸಾಲಿನಲ್ಲಿ ತೇಲಿಬರುವ ಟೀವಿಗಳನ್ನು ನೋಡಿ, ಚಿತ್ರ ಸೊಟ್ಟಗಿದ್ದರೆ ಪಕ್ಕಕ್ಕೆ ತಳ್ಳುವುದು. ಬೇರೇನೂ ಇಲ್ಲ, ಬರೀ ನೋಡುವುದು. ದಪ್ಪ ಬೆನ್ನಿನ ಟೀವಿಗಳ ಕಾಲ ಮುಗಿದಾಗ ಕಾರ್ಖಾನೆಗೂ ಬೀಗ ಬಿತ್ತು. ಕೆಲಸ ಕಳೆದುಕೊಂಡ ಗಾಜಕ್ಕ ಈ ಓಣಿಗೆ ಬಂದದ್ದು ಗುಜರಿಯವರ ಬಳಿ ಮಾನಿಟರುಗಳ ಗಾಜು ಒರೆಸುವ ಕೆಲಸಕ್ಕೆ. ಒರೆಸುತ್ತ ಒರೆಸುತ್ತ, ಯಾವುದು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳತೊಡಗಿದರು. ಗುಜರಿಯವರು ಊರು ಬಿಟ್ಟಾಗ ಅಂಗಡಿಯನ್ನು ಇವರ ಕೈಗೇ ಕೊಟ್ಟು ಹೋದರು.

ಅಂಗಡಿ ಎಂದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಜಾಗ. ಮೊಣಕಾಲಿನಿಂದ ಸೂರಿನವರೆಗೆ ಮಾನಿಟರುಗಳು. ದಿನವಿಡೀ ಅವನ್ನು ಎತ್ತಿ ಇಳಿಸಿ ಬಲಗಡೆಯ ಭುಜ ಮುಷ್ಕರ ಹೂಡಿ ವರ್ಷಗಳಾಗಿವೆ. ತಲೆ ಬಾಚಲು ಎಡಗೈ ಬೇಕು. ಮನೆಯವರು ಶೀತಲ ಗೋದಾಮಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಅವರು ಬಸ್ಸಿಳಿಯುವ ಹೊತ್ತಿಗೆ ಇವರು ಬಸ್ಸು ಹತ್ತಬೇಕು. ಮನೆಯ ಬೀಗದಕೈ ನಿಲ್ದಾಣದಲ್ಲೇ ಕೈ ಬದಲಾಗುತ್ತದೆ. "ನಮ್ಮೆಜಮಾನ್ರ ಮುಖ ಕಾಣೋದೇ ಬಸ್ಸಿನ ಬಾಗಿಲಲ್ಲಿ. ಅದಕ್ಕೇ ಸಂಸಾರ ಇಷ್ಟು ಸಲೀಸಾಗಿ ನಡ್ಕೊಂಡು ಬಂದಿದೆ" ಎಂದು ನಗುತ್ತಾರೆ.

ಈಗ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಊಟದ ಡಬ್ಬಿಯಷ್ಟೇ ದೊಡ್ಡದಾದ ಪುಟ್ಟ ಕಂಪ್ಯೂಟರ್ ಇರುತ್ತದೆ. ಓಣಿಯ ಭಾಷೆಯಲ್ಲಿ ಅದು ಡಬ್ಬಿಯೇ. ಅದಕ್ಕೆ ಸ್ವಂತದ್ದೊಂದು ಮುಖವಿಲ್ಲ. ಪರದೆ ಹುಡುಕಿ ಕೂಡಿಸಬೇಕು. ಬರಿಗೈಯಲ್ಲಿ ಬಂದವರಿಗೆ ಗಾಜಕ್ಕ ಮಾನಿಟರ್ ಕೊಡುವುದಿಲ್ಲ. ಡಬ್ಬಿ ತರಬೇಕು, ಅದರ ವಯರು ತರಬೇಕು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಎಷ್ಟು ದೂರ ಕೂರ್ತೀರಿ? ಕಿಟಕಿ ಬೆನ್ನಿಗೋ ಮುಖಕ್ಕೋ? ದಿನವಿಡೀ ಏನನ್ನ ನೋಡ್ತೀರಿ? ಎಷ್ಟು ಇಂಚು ಬೇಕೆಂಬ ಮಾತು ಬರುವುದು ಇದೆಲ್ಲ ಆದ ಮೇಲೆ.

"ಸಂಬಂಧ ನೋಡೋಕೆ ಬಂದವ್ರೂ ಇಷ್ಟು ವಿಚಾರಣೆ ಮಾಡಲ್ಲ ಗಾಜಕ್ಕ" ಎಂದು ಪಕ್ಕದ ಅಂಗಡಿಯ ವಯರು ಮಾಮ ಗೋಡೆಯಾಚೆಯಿಂದ ಕಿಚಾಯಿಸುತ್ತಾರೆ.

"ನೀನು ವಯರು ಮಾರು ಮಾಮ, ಬಾಯಿ ಮಾರಬೇಡ."

ಇವತ್ತು ಶಟರ್ ಪೂರ್ತಿ ಮೇಲೇರುವ ಮೊದಲೇ ಒಬ್ಬಾಕೆ ಆಟೋದಿಂದ ಇಳಿಯುತ್ತಾಳೆ. ಕೈಚೀಲದಲ್ಲಿ ಡಬ್ಬಿ, ತೆಕ್ಕೆಯಲ್ಲಿ ಹೊದಿಕೆ ಸುತ್ತಿದ ದೊಡ್ಡದೊಂದು ಮಾನಿಟರ್. ಮಕ್ಕಳ ಪುಸ್ತಕಗಳ ಪುಟ ಜೋಡಿಸುವುದು ಆಕೆಯ ಕಸುಬು. ಗಂಡ ದೂರದೂರುಗಳಿಗೆ ಲಾರಿ ಓಡಿಸುತ್ತಾನೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾರೆ. ಅವರನ್ನು ದಿನವಿಡೀ ಬಿಟ್ಟು ಮುದ್ರಣಾಲಯಕ್ಕೆ ಹೋಗುವಂತಿಲ್ಲ. ಮಾಲೀಕರು ಡಬ್ಬಿ ಕೊಟ್ಟು, ಒಂದು ಪುಸ್ತಕವನ್ನು ಮನೆಯಲ್ಲೇ ಮುಗಿಸಿ ತೋರಿಸು ಎಂದಿದ್ದಾರೆ. ನಾಳೆ ಬೆಳಿಗ್ಗೆ ಪುಟಗಳು ಅವರ ಕೈ ಸೇರಿದರೆ ಕೆಲಸ ಮನೆಗೇ ಬರುತ್ತದೆ. ಸೇರದಿದ್ದರೆ ಆ ಜಾಗಕ್ಕೆ ಬೇರೆಯವರು.

"ಭಾವ ತಮ್ಮ ಹಳೇ ಪರದೆ ಕೊಟ್ರು ಅಕ್ಕ. ನಿನ್ನೆಯಿಂದ ಒದ್ದಾಡ್ತಾ ಇದೀನಿ. ಉಸಿರೇ ಇಲ್ಲ ಇದಕ್ಕೆ. ಡಬ್ಬಿ ಕೆಟ್ಟಿದ್ಯೋ, ಪರದೆ ಸತ್ತಿದ್ಯೋ, ಒಂದೂ ಗೊತ್ತಾಗ್ತಿಲ್ಲ."

ಗಾಜಕ್ಕ ಎರಡನ್ನೂ ಬಿಟ್ಟು ನಡುವಿನ ವಯರನ್ನು ಕೈಗೆತ್ತಿಕೊಳ್ಳುತ್ತಾರೆ. ಎರಡು ತುದಿಗೂ ಬೇರೆ ಬೇರೆ ಆಕಾರ. ಡಬ್ಬಿಯ ಕಿಂಡಿಗೆ ಒಂದು ಸರಿಯಾಗಿ ಕೂರುತ್ತದೆ, ಪರದೆಯ ಕಿಂಡಿಗೆ ಇನ್ನೊಂದು. ಆದರೂ ಕತ್ತಲು.

"ಇದು ಒಂದೇ ದಿಕ್ಕಲ್ಲಿ ಹೋಗೋ ರಸ್ತೆ ಕಣಮ್ಮ. ಈ ತುದಿ ಡಬ್ಬಿಗೆ, ಆ ತುದಿ ಪರದೆಗೆ ಬಂದ್ರೆ ಮಾತ್ರ ಚಿತ್ರ ಹರಿಯುತ್ತೆ. ನಿಂದು ಉಲ್ಟಾ ಇದೆ, ಕಿಂಡಿ ಬೇರೆ ಬೇರೆ ಆದ್ರಿಂದ ತಿರುಗಿಸಿ ಹಾಕೋಕೂ ಆಗಲ್ಲ. ಎಲ್ಲಿ ತಗೊಂಡೆ ಇದನ್ನ?"

ಆಕೆ ಪಕ್ಕದ ಅಂಗಡಿಯ ಗೋಡೆಯನ್ನು ಕಣ್ಣಲ್ಲೇ ತೋರಿಸುತ್ತಾಳೆ.

"ಮಾಮಾ!"

"ಎರಡು ತುದಿನೂ ಗಟ್ಟಿಯಾಗಿ ಕೂತಿತ್ತಲ್ಲ" ಎನ್ನುತ್ತ, ಆಗಷ್ಟೇ ಅಂಗಡಿ ತೆರೆದ ವಯರು ಮಾಮ ಬಾಗಿಲಿಗೆ ಬರುತ್ತಾರೆ.

"ಬಸ್ಸಲ್ಲಿ ನೀನೂ ಗಟ್ಟಿಯಾಗಿ ಕೂರ್ತೀಯ. ಯಾವ ಊರಿಗೆ ಹೋಗುತ್ತೆ ಅಂತ ಕೇಳಲ್ವಾ?"

ಭಾವನ ಪರದೆಗೆ ಬೇರೆ ವಯರು ಹಾಕಿ ಹೊತ್ತಿಸಬಹುದು. ಗಾಜಕ್ಕ ಹೊತ್ತಿಸಿಯೂ ತೋರಿಸುತ್ತಾರೆ. ಆದರೆ ಅದು ಈ ಪುಟ್ಟ ಡಬ್ಬಿಯ ಅಳತೆ ಮೀರಿದ ಪರದೆ. ಮೌಸ್ ಆಡಿಸಿದರೆ ಬಾಣ ತಡವರಿಸುತ್ತದೆ, ಕೈ ಎಲ್ಲಿಯೋ ಬಾಣ ಎಲ್ಲಿಯೋ. ಪುಟ ಜೋಡಿಸುವ ಕೈಗೆ ಅದು ಆಗದು. ವಿಚಾರಣೆ ಶುರುವಾಗುತ್ತದೆ. ಮೇಜು ಮಂಚದ ಎದುರಿಗೇ ಇರಬೇಕು, ಅತ್ತೆ ಕಣ್ಣಳತೆಯಲ್ಲಿರಬೇಕು. ಕಿಟಕಿ ಎಡಗಡೆ. ನೋಡುವುದು ನಿಂತ ಪುಟಗಳನ್ನು, ಅಗಲಕ್ಕಿಂತ ಉದ್ದ ಹೆಚ್ಚಿನವು. ಗಾಜಕ್ಕ ಮೇಲಿನ ಸಾಲಿನಿಂದ ಸಾಧಾರಣ ಗಾತ್ರದ್ದೊಂದನ್ನು ಇಳಿಸುತ್ತಾರೆ. ಹೊಳಪಿಲ್ಲದ ಗಾಜು. ಹಿಡಿದು ತಿರುಗಿಸಿದರೆ ಕತ್ತು ಹೊರಳಿಸಿ ನೆಟ್ಟಗೆ ನಿಲ್ಲುತ್ತದೆ. ಬಾಲಕನೊಬ್ಬ ಬಾವಿಯಲ್ಲಿ ಇಣುಕುವ ಚಿತ್ರದ ಪುಟ ಮೇಲಿಂದ ಕೆಳಗಿನವರೆಗೆ ಇಡಿಯಾಗಿ ತುಂಬಿಕೊಳ್ಳುತ್ತದೆ.

"ಅಯ್ಯೋ, ಪುಟ ಎದ್ದು ನಿಂತ್ಕೊಂತು!" ಆಕೆ ಮೊದಲ ಸಲ ನಗುತ್ತಾಳೆ.

ಭಾವನ ಪರದೆ ಬದಲಿಗೆ ಅಂಗಡಿಯಲ್ಲೇ ಉಳಿಯುತ್ತದೆ. ಭಾವ ಮುನಿಸಿಕೊಂಡರೆ ವಾಪಸ್ ಒಯ್ಯಬಹುದು, ಅಲ್ಲಿಯವರೆಗೆ ಮಾರುವುದಿಲ್ಲ ಎಂಬ ಮಾತಿನ ಮೇಲೆ. ಮಾಡಿದ ತಪ್ಪಿಗೆ ವಯರು ಮಾಮ ತಮ್ಮ ಅಂಗಡಿಯ ಅತಿ ಉದ್ದದ ವಯರನ್ನು ಉಡುಗೊರೆ ಕೊಡುತ್ತಾರೆ. ಗಾಜಕ್ಕ ಅದೇ ವಯರು, ಅದೇ ಡಬ್ಬಿ, ಅದೇ ಪರದೆಯನ್ನು ಕೂಡಿಸಿ, ತಾವು ಚಹಾ ಕುಡಿದು ಮುಗಿಸುವವರೆಗೂ ಬೆಳಗಿಸಿಟ್ಟು, ರೆಪ್ಪೆ ಮಿಟುಕಿಸುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕಳಿಸಿಕೊಡುತ್ತಾರೆ.

ಮಧ್ಯಾಹ್ನ ಫೋನು ಬರುತ್ತದೆ. "ಅಕ್ಕ, ಇದು ಇದ್ದಕ್ಕಿದ್ದಂಗೆ ಕಪ್ಪಾಗುತ್ತೆ. ಆಮೇಲೆ ತಾನೇ ಬರುತ್ತೆ. ಬಂದಾಗೆಲ್ಲ ತೆರೆದಿಟ್ಟ ಪುಟಗಳು ಎಲ್ಲೆಲ್ಲೋ ಚೆಲ್ಲಿರ್ತವೆ. ಪುಸ್ತಕ ಇನ್ನೂ ಅರ್ಧನೂ ಆಗಿಲ್ಲ."

ಗಿರಾಕಿಗಳಿಗೆ ಗಾಜಕ್ಕನ ನೆನಪಾಗುವುದು ಕತ್ತಲಾದಾಗ ಮಾತ್ರ. ಬೆಳಗುತ್ತಿರುವ ಪರದೆ ನೋಡಿ ಫೋನು ಮಾಡಿದವರು ಈವರೆಗೆ ಇಲ್ಲ. ಆಕೆ ಅದಕ್ಕೆ ಬೇಸರಪಡುವವರೂ ಅಲ್ಲ. ಶಟರ್ ಎಳೆದು, ಚೀಲಕ್ಕೆ ನಾಲ್ಕಾರು ವಯರು ತುರುಕಿಕೊಂಡು ಬಸ್ಸು ಹಿಡಿಯುತ್ತಾರೆ.

ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಗೋಡೆಗೆ ಒತ್ತಿದ ಕಬ್ಬಿಣದ ಮಂಚದಲ್ಲಿ ಅತ್ತೆ, ಎದುರಿಗೆ ಮೇಜು, ಮೇಜಿನ ಮುಂದೆ ಸೊಸೆ. ಗಾಜಕ್ಕ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಡಬ್ಬಿ ಮುಟ್ಟಿ ನೋಡುತ್ತಾರೆ, ಬಿಸಿಯಿಲ್ಲ. ವಯರು ಅಲ್ಲಾಡಿಸುತ್ತಾರೆ, ಸಡಿಲವಿಲ್ಲ. ಕರೆಂಟಿನ ಪ್ಲಗ್ಗು ಬೇರೆ ಗೋಡೆಗೆ ಬದಲಾಗುತ್ತದೆ. ಸೊಸೆ ಒಂದು ಪುಟ ಜೋಡಿಸುತ್ತಾಳೆ, ಎರಡು ಜೋಡಿಸುತ್ತಾಳೆ. ಪರದೆ ಸಾಧುವಾಗಿ ಬೆಳಗುತ್ತಲೇ ಇದೆ.

"ನೀವು ಬಂದ ಮೇಲೆ ನಾಟಕ ಆಡ್ತಾ ಇದೆ" ಎನ್ನುತ್ತಾಳೆ ಸೊಸೆ.

"ಅದು ಇವಳು ಎದ್ದಾಗ ಮಾತ್ರ ಆರೋದು." ಮಾತು ಬಂದದ್ದು ಮಂಚದಿಂದ.

"ಅತ್ತೆ, ನೀವು ಸುಮ್ನಿರಿ. ಪರದೆಗೂ ನಾನು ಏಳೋದಕ್ಕೂ ಏನು ಸಂಬಂಧ?"

"ಸುಮ್ನೇ ಮಲಗಿದೀನಲ್ಲ, ಅದಕ್ಕೇ ಕಂಡಿದ್ದು. ನೀನು ನಂಗೆ ಮಾತ್ರೆ ಕೊಡೋಕೆ ಎದ್ದೆ, ಕತ್ತಲಾಯ್ತು. ದಿಂಬು ಸರಿ ಮಾಡೋಕೆ ಎದ್ದೆ, ಕತ್ತಲಾಯ್ತು. ನೋಡಮ್ಮ ತಾಯಿ, ಆಮೇಲಿಂದ ನಾನು ಇವಳನ್ನ ಕರೆದೇ ಇಲ್ಲ. ನನ್ನಿಂದ ಕೆಲಸ ಯಾಕೆ ಕೆಡಬೇಕು ಅಂತ."

ಸೊಸೆ ಮಂಚದ ಪಕ್ಕದ ಲೋಟ ನೋಡುತ್ತಾಳೆ. ಅದು ಖಾಲಿಯಿದೆ. ಯಾವಾಗಿನಿಂದ ಖಾಲಿಯಿದೆಯೋ ಆಕೆಗೆ ಗೊತ್ತಿಲ್ಲ.

ಗಾಜಕ್ಕ ಅತ್ತೆಯ ಮಾತನ್ನು ನಗೆಯಾಡಿ ಬದಿಗಿಡುವುದಿಲ್ಲ. "ಏಳಮ್ಮ, ನೋಡೋಣ" ಎನ್ನುತ್ತಾರೆ. ಆಕೆ ಏಳುತ್ತಾಳೆ. ಪರದೆ ಕಪ್ಪಾಗುತ್ತದೆ. ಒಂದು ಉಸಿರೆಳೆದು ಬಿಡುವಷ್ಟರಲ್ಲಿ ಮತ್ತೆ ಬೆಳಗುತ್ತದೆ, ಪುಟಗಳು ಚೆಲ್ಲಾಪಿಲ್ಲಿ. ಇನ್ನೊಮ್ಮೆ ಕೂತು ಎದ್ದರೆ ಇನ್ನೊಮ್ಮೆ ಕತ್ತಲು.

ಗಾಜಕ್ಕನ ಕಣ್ಣು ಕುರ್ಚಿಗೆ ಇಳಿಯುತ್ತದೆ. ಮುದ್ರಣಾಲಯದಿಂದ ಡಬ್ಬಿಯ ಜೊತೆಗೇ ಬಂದ, ಅಡಿಯಲ್ಲಿ ಗಾಲಿಯಿರುವ ಆಫೀಸು ಕುರ್ಚಿ. ಕೂತರೆ ಮೆಲ್ಲಗೆ ತಗ್ಗುತ್ತದೆ, ಎದ್ದರೆ ಉಸ್ಸೆಂದು ಏರುತ್ತದೆ. "ಇದ್ರ ಕಾಲಲ್ಲಿ ಗಾಳಿ ಒತ್ತಿರೋ ಕೊಳವೆ ಇರುತ್ತೆ. ಏಳುವಾಗ ಒಂಚೂರು ಕರೆಂಟು ಚಿಮ್ಮುತ್ತೆ ಅಂತ ಕಾಣುತ್ತೆ. ನಮ್ಮ ಮಾಮನ ವಯರು ಉದ್ದ ಇದೆ, ಆದ್ರೆ ಮೈಮೇಲೆ ಬಟ್ಟೆ ಇಲ್ಲ ಪಾಪ, ತೆಳ್ಳಗೆ. ಕುರ್ಚಿ ಪಕ್ಕದಲ್ಲೇ ಹಾದುಹೋಗಿದೆ. ಆ ಚಿಮ್ಮಿದ್ದನ್ನೆಲ್ಲ ಹಿಡ್ಕೊಂಡು ಗಾಬರಿ ಬೀಳುತ್ತೆ."

ಚೀಲದಿಂದ ಮೋಟುದ್ದದ ದಪ್ಪ ವಯರೊಂದು ಹೊರಬರುತ್ತದೆ. ಡಬ್ಬಿ ನೆಲ ಬಿಟ್ಟು ಮೇಜು ಹತ್ತುತ್ತದೆ, ಪರದೆಯ ಬೆನ್ನಿಗೇ ಅಂಟಿ ಕೂರುತ್ತದೆ.

"ಈಗ ಏಳು."

ಎದ್ದರೂ ಪರದೆ ಬೆಳಗುತ್ತಲೇ ಇದೆ.

"ಕೂರು. ಏಳು. ಜೋರಾಗಿ ಏಳು. ಇನ್ನೊಂದ್ಸಲ."

"ಬಂದು ಬಂದು ನನ್ನ ಸೊಸೆ ಕೈಲಿ ಬಸ್ಕಿ ಹೊಡೆಸ್ತಿದೀಯಲ್ಲೇ ತಾಯಿ!" ಅತ್ತೆ ನಗಲು ಹೋಗಿ, ಸೊಂಟ ಚುಳುಕ್ಕೆಂದು, ನಗುವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಸೊಸೆ ಪುಟಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಎಳೆದು ತರುತ್ತಾಳೆ.

"ನೀರು ಕೊಡ್ತೀಯಾ?" ಎನ್ನುತ್ತಾರೆ ಅತ್ತೆ, ಮೆಲ್ಲಗೆ.

ಸೊಸೆ ಎದ್ದು, ಪರದೆಯ ಕಡೆ ತಿರುಗಿಯೂ ನೋಡದೆ, ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗುತ್ತಾಳೆ.

ಪುಸ್ತಕ ಹೇಳಿದ ಹೊತ್ತಿಗೆ ಮುದ್ರಣಾಲಯ ಸೇರುತ್ತದೆ. ಮಾಲೀಕರು ಪುಟ ತಿರುವಿ ನೋಡಿ, ಮುಂದಿನ ಪುಸ್ತಕದ ಕಟ್ಟು ಮೇಜಿನ ಮೇಲಿಡುತ್ತಾರೆ. ಈ ಸುದ್ದಿ ಗಾಜಕ್ಕನಿಗೆ ತಲುಪುವುದು ಭಾವನ ಮೂಲಕ. ತನ್ನ ದೊಡ್ಡ ಪರದೆ ಏನಾಯಿತೆಂದು ವಿಚಾರಿಸಲು ಬಂದವನು, ಅದನ್ನು ಅಲ್ಲಿಯೇ ಬಿಟ್ಟು ಹೋಗುತ್ತಾನೆ. ವಯರು ಮಾಮನಿಗೆ ಕುರ್ಚಿಯ ಕಥೆಯಲ್ಲಿ ಇನ್ನೂ ನಂಬಿಕೆ ಬಂದಿಲ್ಲ. ಅವರ ಪ್ರಕಾರ ಅದು ವಯರಿನ ಮೇಲೆ ಗಾಜಕ್ಕ ಹೊರಿಸಿದ ಅಪವಾದ.

ಇಷ್ಟು ವರ್ಷ ದುಡಿದಿದ್ದೀರಿ, ಇನ್ನೇನಾದರೂ ಬೇಕೆನ್ನಿಸುತ್ತದೆಯೇ ಎಂದು ಕೇಳಿದರೆ ಗಾಜಕ್ಕ ಒರೆಸುವ ಬಟ್ಟೆ ಕೆಳಗಿಟ್ಟು ಯೋಚಿಸುತ್ತಾರೆ. ದೊಡ್ಡ ಅಂಗಡಿ ಬೇಡವಂತೆ, ಇರುವುದನ್ನು ಗುಡಿಸುವಷ್ಟಕ್ಕೇ ಭುಜ ಗೊಣಗುತ್ತದೆ. ಬೋರ್ಡೂ ಬೇಡ.

"ಆ ಅತ್ತೆ-ಸೊಸೆ ಮನೇಲಿತ್ತಲ್ಲ, ಅಂಥದ್ದೊಂದು ಆಫೀಸು ಕುರ್ಚಿ ಬೇಕು. ಹಳೇದಾದ್ರೂ ಪರವಾಗಿಲ್ಲ, ಸೀಟು ಹರಿದಿದ್ರೂ ಪರವಾಗಿಲ್ಲ."

ಕೊನೆಗೂ ಕೂತು ಕೆಲಸ ಮಾಡುವ ಮನಸ್ಸಾಯಿತೇ?

"ಕೂರೋಕೆ ಎಲ್ಲಿದೆ ಪುರುಸೊತ್ತು? ಪರದೆ ಕೊಡೋ ಮುಂಚೆ ಅದ್ರಿಂದ ಒಂದ್ಸಲ ಎದ್ದು, ಆರುತ್ತಾ ನೋಡೋಕೆ."